ವಿಭೂತಿ ಇಟ್ಟ ಗುರಿ

ನಮ್ಮ ಅಳಿಯ ಹಿತ್ತಿಲ ಗೋಡೆಗೆ ಬಾಣ ಬಿಡುತ್ತಿದ್ದುದನ್ನು ಮೊದಲ ಸಲ ನೋಡಿದಾಗ ನಾನು ಅಂದುಕೊಂಡದ್ದು ಒಂದೇ, ಇವನಿಗೆ ತಲೆ ಕೆಟ್ಟಿದೆ ಅಂತ. ಬೇರೆ ಏನು ಅಂದುಕೊಳ್ಳಲಿ? ನಮ್ಮದು ಲಿಂಗ ಕಟ್ಟಿದವರ ಮನೆ. ಕೋಳಿ ಕೊಯ್ದವರಲ್ಲ, ಮೊಲ ಅಟ್ಟಿಸಿಕೊಂಡು ಹೋದವರಲ್ಲ. ನೇಗಿಲು, ಕುಡುಗೋಲು ಬಿಟ್ಟರೆ ಬೇರೆ ಆಯುಧ ನಮ್ಮ ಜಗಲಿ ಹತ್ತಿದ್ದಿಲ್ಲ. ಅಂಥ ಮನೆಯಲ್ಲಿ ಗಟ್ಟಿಮುಟ್ಟಾದ ಗಂಡಸೊಬ್ಬ ಬಿದಿರಿನ ಬಿಲ್ಲು ಹಿಡಿದು, ನಾನು ಮೈ ಮುರಿದು ಮಣ್ಣು ಮೆತ್ತಿ ಸಾರಿಸಿದ ಗೋಡೆಗೆ ಒಂದಾದ ಮೇಲೊಂದು ತೂತು ಹೊಡೆಯುತ್ತ ನಿಂತಿದ್ದರೆ ಯಾವ ಅತ್ತೆ ತಡೆದುಕೊಂಡಾಳು?

ತಡೆಯಲಾರದಿದ್ದರೂ ಬಾಯಿ ಬಿಡುವ ಹಾಗಿರಲಿಲ್ಲ. ನಮ್ಮಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಹೇಳಬೇಕಾದ್ದನ್ನು ಮಗಳ ಕೈಲಿ ಹೇಳಿಸಬೇಕು, ಇಲ್ಲದಿದ್ದರೆ ಬಾಗಿಲ ಹಿಂದೆ ನಿಂತು ಗೋಡೆಗೋ ಕಂಬಕ್ಕೋ ಹೇಳಿದ ಹಾಗೆ ಹೇಳಬೇಕು. ಈ ಮಲ್ಲಾಜಮ್ಮನ ನಾಲಿಗೆ ಎಂಥದ್ದು ಅಂತ ಹರವೆ ಹೋಬಳಿಗೆಲ್ಲ ಗೊತ್ತು. ಅಂಥ ನಾಲಿಗೆಯನ್ನು, ಮಗಳ ಮದುವೆ ಮಾಡಿ ಶಿವರುದ್ರಸ್ವಾಮಿಯನ್ನು ಮನೆ ಅಳಿಯನಾಗಿ ತಂದುಕೊಂಡ ದಿನದಿಂದ ಕಟ್ಟಿ ಹಾಕಿಕೊಂಡಿದ್ದೆ. ಅವತ್ತು ಕೊಟ್ಟಿಗೆಗೆ ಹೋಗಿ ನಮ್ಮ ಕೆಂಪು ಹಸುವಿಗೆ ಹೇಳಿದೆ, ಹಸುವಿಗೆ ಬೇಕಾದ್ದಕ್ಕಿಂತ ಹೆಚ್ಚು ಜೋರಾಗಿಯೇ ಹೇಳಿದೆ.

"ನೋಡ್ದೇನೆ ಕೆಂದಿ, ಗ್ವಾಡೆ ಸಾರ್ಸಿ ಇನ್ನೂ ನೀರು ಆರಿಲ್ಲ. ಮನೆ ಗ್ವಾಡೆ ಏನು ಜರಡಿ ಆಗ್ಬೇಕಾ?"

ಬಾಣದ ಸದ್ದು ನಿಂತಿತು. ನನಗೂ ಸ್ವಲ್ಪ ತಣ್ಣಗಾಯಿತು. ಅಷ್ಟರಲ್ಲಿ ಮಗಳು ಚಂದ್ರಮತಿ ಕೊಟ್ಟಿಗೆಗೆ ಬಂದಳು.

"ಅವ್ವ, ಕೆಂದಿ ಜೊತೆ ಜಗಳ ಆಡ್ಬ್ಯಾಡ. ಗುಂಡ್ಲುಪೇಟೇಲಿ ಬಿಲ್ಲಿನ ಪಂದ್ಯ ಮಡಗವ್ರಂತೆ. ಇವ್ರು ಓಯ್ತಾರಂತೆ."

ಕನ್ನಡ ಮಾತಾಡುವ ಸೀಮೆಯೆಲ್ಲ ಸೇರಿ ಒಂದೇ ರಾಜ್ಯ ಆಗುತ್ತದೆ ಅಂತ ಎಲ್ಲರ ಬಾಯಲ್ಲೂ ಅದೇ ಮಾತು ಓಡಾಡುತ್ತಿದ್ದ ವರ್ಷ ಅದು. ರಾಜ್ಯ ಆಗುವ ದಿನ ಗುಂಡ್ಲುಪೇಟೆಯಲ್ಲಿ ಓಟ, ಕುಸ್ತಿ, ಗುಂಡು ಎತ್ತುವುದು, ಅದರ ಜೊತೆಗೆ ಬಿಲ್ಲಿನ ಪಂದ್ಯ ಅಂತ ಡಂಗುರ ಹೊಡೆಸಿದ್ದರಂತೆ. ಅಳಿಯ ಹುಟ್ಟಿ ಬೆಳೆದದ್ದು ಆ ಕಡೆಯೇ. ಹುಡುಗನಾಗಿದ್ದಾಗ ಕಾಡಂಚಿನ ಊರಿನ ನಾಯಕರ ಹುಡುಗರ ಜೊತೆ ಸೇರಿ ಬಿಲ್ಲು ಹಿಡಿದು ತಿರುಗಿದವನಂತೆ. ಇದೂ ನನಗೆ ಆವತ್ತೇ ಗೊತ್ತಾದದ್ದು.

ಪಂದ್ಯ ಅಂದದ್ದಕ್ಕೆ ನಾನು ಬೆಚ್ಚಲಿಲ್ಲ. ಗುಂಡ್ಲುಪೇಟೆ ಅಂದದ್ದಕ್ಕೆ ಬೆಚ್ಚಿದೆ. ಯಾಕೆ ಅಂದರೆ ಅವನ ಅಣ್ಣ ಸಿದ್ದಮಲ್ಲಪ್ಪ ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದಾನೆ. ಆಯುಧಪೂಜೆ ಕಳೆದ ಮಾರನೆಯ ದಿನವೇ ಲಾರಿಯಲ್ಲಿ ಬಂದು ನಮ್ಮ ಜಗಲಿ ಮೇಲೆ ಕಾಲು ಚಾಚಿ ಕೂತು, ನಾನು ಬಾಗಿಲ ಹಿಂದೆ ಮಜ್ಜಿಗೆ ಲೋಟ ಹಿಡಿದು ನಿಂತಿದ್ದೇನೆ ಅಂತ ಗೊತ್ತಿದ್ದೂ, ತಮ್ಮನಿಗೆ ಹೇಳಿ ಹೋಗಿದ್ದ.

"ಲೋ ಶಿವ್ರುದ್ರ, ಮಂಡಿ ದೊಡ್ದಾಯ್ತಾ ಅದೆ. ನನಗೆ ಸ್ವಂತದೋನು ಒಬ್ಬ ಬೇಕು ಕಣ್ಲಾ. ಅತ್ತೆ ಮನೇಲಿ ಎಷ್ಟು ದಿನ ಅಂತ ಇರ್ತೀಯ? ಯಾರನ್ನ ಕೇಳುದ್ರೂ ಮಲ್ಲಾಜಮ್ಮನ ಅಳಿಯ ಅಂತಾರೇ ಹೊರ್ತು ನಿನ್ನೆಸ್ರು ಯೋಳೋರಿಲ್ಲ. ರಾಜ್ಯದ ಹಬ್ಬಕ್ಕೆ ಹೆಂಡ್ತಿ ಕರ್ಕಂಡು ಬಾ. ಇರ್ತೀನಿ ಅಂದ್ರೆ ಅವತ್ತಿಂದ್ಲೇ ಇದ್ಬುಡು."

ಅಳಿಯ ಆಗಲಿ ಅನ್ನಲಿಲ್ಲ. ಆಗುವುದಿಲ್ಲ ಅಂತಲೂ ಅನ್ನಲಿಲ್ಲ. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ, ಅಷ್ಟೇ.

ಒಬ್ಬಳೇ ಇರಲು ನಾನೇನು ಹೆದರುವವಳಲ್ಲ. ನನಗಿನ್ನೂ ಐವತ್ತು ತುಂಬಿರಲಿಲ್ಲ. ಯಜಮಾನರು ಹೋದ ಮೇಲೆ ಹೊಲ, ಆಳು, ಹಸು, ಕೋರ್ಟು ಕಚೇರಿ ಎಲ್ಲ ನಾನೇ ಮಾಡಿದವಳು. ಮಗಳು ಗಂಡನ ಹಿಂದೆ ಹೋದರೂ ಸರಿಯೇ, ಹೆಣ್ಣುಮಕ್ಕಳು ಹೋಗುವುದೇ. ಆದರೆ ಈ ಅಳಿಯ ಎದ್ದು ಹೋದ ಅಂದರೆ ಈ ಮನೆ ಅವನಿಗೆ ಹಿಡಿಸಲಿಲ್ಲ ಅಂತ ಅರ್ಥ, ಈ ಮನೆ ಅಂದರೆ ನಾನು. ಅದೂ ಅಲ್ಲದೆ, ಯಾಕೆ ಸುಳ್ಳು ಹೇಳಲಿ, ನನಗೆ ಅವನು ಬೇಕಾಗಿದ್ದ. ಹೊಲದಿಂದ ಬರುವಾಗ ಕೆಮ್ಮಿ, ನಾನು ಸೆರಗು ಎಳೆದುಕೊಳ್ಳುವಷ್ಟು ಹೊತ್ತು ಬಾಗಿಲಲ್ಲಿ ನಿಂತು ಒಳಗೆ ಬರುತ್ತಿದ್ದ. ಅಂಥವನನ್ನು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ. ಇರಪ್ಪ ಅಂತ ಹೇಳಬೇಕು ಅಂದರೆ ಹೇಗೆ ಹೇಳುವುದು? ಹೆಂಡತಿಯ ಬಾಯಲ್ಲಿ ಹೇಳಿಸಿದರೆ ಅದು ಹೆಂಡತಿಯ ಮಾತಾಗುತ್ತದೆ. ಕೆಂದಿಗೆ ಹೇಳಿದರೆ ಅವನು ಉತ್ತರ ಕೊಡುವುದು ಹೇಗೆ?

ಗೋಡೆ ಬಿಟ್ಟ ಮೇಲೆ ಅವನು ಬಾಳೆ ಹಿಡಿದ. ನಮ್ಮಲ್ಲಿ ಗೇಯುವ ರಾಚಯ್ಯನೇ ಅವನಿಗೆ ಬಿಲ್ಲು ಮಾಡಿಕೊಟ್ಟವನು. ಅವನೂ ಸೇರಿಕೊಂಡು ಗೊನೆ ಕಡಿದ ಬಾಳೆಯ ದಿಂಡು ತಂದು ಹಿತ್ತಿಲಲ್ಲಿ ನಿಲ್ಲಿಸಿದರು. ಬಾಣ ಕಚ್ಚಿಕೊಂಡಿತೇ ಹೊರತು ಈಚೆ ಬರಲಿಲ್ಲ. ರಾಚಯ್ಯ ದಿಂಡಿಗೆ ಕಾಲು ಕೊಟ್ಟು ಎಳೆದ, ಬಾಣ ಮುರಿದು ಅವನು ಅಂಗಾತ ಬಿದ್ದ. ಪಂಚೆಗೆಲ್ಲ ಬಾಳೆಯ ಕರೆ. ಮೂರನೆಯ ದಿನಕ್ಕೆ ದಿಂಡು ಕೊಳೆತು ನಾರತೊಡಗಿತು. ಆಮೇಲೆ ಗೋಣಿಚೀಲಕ್ಕೆ ರಾಗಿ ಹೊಟ್ಟು ತುಂಬಿ ನೇತು ಹಾಕಿದರು. ಬಾಣ ಈ ಕಡೆ ಹೊಕ್ಕು ಆ ಕಡೆ ಹೊರಟು ಬೇಲಿ ದಾಟಿ ಹೋಯಿತು. ತೂತಿನಿಂದ ಹೊಟ್ಟು ಸುರಿದು, ಸಂಜೆ ಹೊತ್ತಿಗೆ ಚೀಲ ಬಡಕಲು ಬಿದ್ದು ನೇತಾಡುತ್ತಿತ್ತು.

"ಅವ್ರಿಗೆ ಯೋಳು ಕಣಮ್ಮಿ, ಚೀಲ ದುಡ್ಡು ಕೊಟ್ಟು ತಂದದ್ದು ಅಂತ," ಅಂದೆ ಮಗಳಿಗೆ.

ಅವಳು ಹಿತ್ತಿಲಿಗೆ ಹೋಗಿ, "ಅವ್ವ ಊಟಕ್ಕೆ ಏಳ್ಬೇಕು ಅಂದ್ರು," ಅಂತ ಹೇಳಿದಳು. ನಾನು ಕಿಟಕಿಯಲ್ಲಿ ಕೇಳಿಸಿಕೊಂಡೆ. ಇವಳು ಇಷ್ಟು ದಿನ ನನ್ನ ಎಷ್ಟು ಮಾತುಗಳನ್ನು ಹೀಗೆ ತಿರುಚಿದ್ದಾಳೋ, ಅವನ ಎಷ್ಟು ಮಾತುಗಳನ್ನು ನನಗೆ ಸಕ್ಕರೆ ಸವರಿ ಕೊಟ್ಟಿದ್ದಾಳೋ ಅಂತ ಆಗ ಯೋಚನೆ ಹತ್ತಿತು. ಅಳಿಯ ಒಳ್ಳೆಯವನು ಅಂತ ನಾನು ತಿಳಿದದ್ದೇ ಅವಳ ಬಾಯಿಂದ ಇರಬಹುದಲ್ಲ?

ಮೈಸೂರಿನಲ್ಲಿ ಎಲ್ಲೋ ರಾಚಯ್ಯ ನಿಜವಾದ ಗುರಿ ನೋಡಿದ್ದನಂತೆ. "ಹುಲ್ಲಿಂದೇ ಬುದ್ದಿ. ಗಾಡಿ ಚಕ್ರದಂಗೆ ಗುಂಡ್ಗೆ ಇರ್ತದೆ, ಮ್ಯಾಲೆ ಬಟ್ಟೆ ಕಟ್ಟಿ ಬಣ್ಣ ಬಳ್ದಿರ್ತಾರೆ. ಕೊಳ್ಳಕ್ಕೋದ್ರೆ ಒಂದು ಕರುವಿನ ಬೆಲೆ ಯೋಳ್ತಾರೆ. ನಾವೇ ಮಾಡನ," ಅಂದ. ಹೀಗಾಗಿ ಇಬ್ಬರೂ ನನ್ನ ಹುಲ್ಲಿನ ಮೆದೆಗೆ ಕೈ ಹಾಕಿದರು. ಹೊಸ ಹುಲ್ಲು ಬರಲು ಇನ್ನೂ ದಿನವಿತ್ತು, ಹಳೆಯದು ಕರಗುತ್ತ ಬಂದಿತ್ತು. ಇವರು ತಬ್ಬುಗಟ್ಟಲೆ ಎಳೆದು ಹಗ್ಗ ಹೊಸೆದರು. ಹಗ್ಗವೋ, ತೊಡೆಯ ಗಾತ್ರ, ಒಳಗೆಲ್ಲ ಗಾಳಿ. ಅದನ್ನು ಸುತ್ತಿ ಸುತ್ತಿ ನೆಲದ ಮೇಲೆ ಚಕ್ರ ಮಾಡಿ, ಎರಡು ಕಡೆ ಕಟ್ಟಿ, ಎತ್ತಿ ನಿಲ್ಲಿಸಿದರು. ಎತ್ತಿದ ಕೂಡಲೇ ಅದು ಬಿಚ್ಚಿಕೊಂಡು ರಾಚಯ್ಯನ ಕೊರಳಿಗೆ ಹಾರ ಹಾಕಿದ ಹಾಗೆ ಬಿತ್ತು.

ನನಗೆ ನಗು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ತಲೆ ಮೇಲೆ ಬಿಂದಿಗೆ ಹೊರಲು ಇಡುವ ಸಿಂಬಿಯನ್ನು ನಮ್ಮ ಮನೆಯ ಹೆಣ್ಣುಮಗು ಕೂಡ ಸುತ್ತುತ್ತದೆ. ಇದು ದೊಡ್ಡ ಸಿಂಬಿ, ಅಷ್ಟೇ ತಾನೆ? ಎರಡು ಗಂಡಾಳು ಸೇರಿ ಒಂದು ಸಿಂಬಿ ಸುತ್ತಲಾರದೆ ನನ್ನ ಹುಲ್ಲು ಹಾಳು ಮಾಡುತ್ತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಿಲಿಗೆ ನಡೆದೆ.

"ರಾಚಯ್ಯ, ಅತ್ಲಾಗೆ ನಿಂತ್ಕ. ಹುಲ್ಲಿಗೆ ನೀರು ಚಿಮುಕ್ಸಿದ್ರಾ? ಒನಕೇಲಿ ಬಡುದ್ರಾ? ಒಣ ಹುಲ್ಲು ಹೊಸುದ್ರೆ ನಿಂತದಾ? ತತ್ತಾ ಆ ದಬ್ಬಳ, ಕತ್ತಾಳೆ ನಾರು ತತ್ತಾ."

ಅಳಿಯನಿಗೆ ಹೇಳಬೇಕಾದ್ದನ್ನೂ ರಾಚಯ್ಯನಿಗೇ ಹೇಳಿದೆ. ಹುಲ್ಲನ್ನು ನೆನೆಸಿ, ಬಡಿದು ಮೆದು ಮಾಡಿ, ಹೆಬ್ಬೆರಳ ಗಾತ್ರದ ಹುರಿ ಹೊಸೆಯುವುದು. ನಡುವಿನ ಸುತ್ತು ಸಣ್ಣ ಸಿಂಬಿಯಷ್ಟೇ ಇರಬೇಕು, ಉಸಿರು ಹೋಗದ ಹಾಗೆ ಬಿಗಿಯಬೇಕು. ಒಂದೊಂದು ಸುತ್ತು ಬಂದಾಗಲೂ ಹಿಂದಿನ ಸುತ್ತಿಗೆ ಸೇರಿಸಿ ನಾರಿನಲ್ಲಿ ಹೊಲಿಯಬೇಕು, ಹೊಲಿದ ಮೇಲೆ ಕೊಡತಿಯಲ್ಲಿ ಬಡಿದು ಕೂರಿಸಬೇಕು. ನಾನು ಸುತ್ತಿ ಹೊಲಿಯುವುದು, ಹುರಿಯ ಇನ್ನೊಂದು ತುದಿ ಅಳಿಯ ಹಿಡಿದು ಎಳೆದುಕೊಂಡಿರುವುದು, ಹೀಗೆ ಕೆಲಸ ಸಾಗಿತು. ರಾಚಯ್ಯ ಹೊಲಕ್ಕೆ ಹೋದ ಮೇಲೂ ನಾವಿಬ್ಬರೇ ಕೂತು ಮಾಡಿದೆವು. ಮಾತಿಲ್ಲ, ಕತೆಯಿಲ್ಲ. ಸಡಿಲವಾದರೆ ನಾನು ಹುರಿ ಜಗ್ಗುತ್ತಿದ್ದೆ, ಅವನು ಬಿಗಿ ಮಾಡುತ್ತಿದ್ದ. ಹುರಿ ಸಾಲದಾದರೆ ಅವನು ಜಗ್ಗುತ್ತಿದ್ದ, ನಾನು ಕಾಯುತ್ತಿದ್ದೆ. ಒಂದು ಸಂಜೆ ಅವನು ತನ್ನಷ್ಟಕ್ಕೆ ಏನೋ ಗುನುಗಿಕೊಂಡ. ಅವನಿಗೆ ಗುನುಗುವ ಅಭ್ಯಾಸ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಹೊಲಿಯುತ್ತಿದ್ದ ಕೈ ಒಂದು ಗಳಿಗೆ ನಿಂತುಹೋಯಿತು. ಅಲ್ಲ, ನಾನು ಮಾಡುತ್ತಿರುವುದು ಏನು? ಇದು ಮುಗಿದರೆ ಅವನು ಕಲಿಯುತ್ತಾನೆ. ಕಲಿತರೆ ಗೆಲ್ಲುತ್ತಾನೆ, ಗೆದ್ದರೆ ಗುಂಡ್ಲುಪೇಟೆಯವರು ಹೊತ್ತು ಮೆರೆಸುತ್ತಾರೆ, ಅಣ್ಣ ಕೈ ಬಿಡುತ್ತಾನಾ? ಸೋತರೆ ಮಾತ್ರ ಬಿಡುತ್ತಾನಾ? ಸೋತ ಮುಖ ಹೊತ್ತು ಹರವೆಗೆ ಯಾಕೆ ಹೋಗುತ್ತೀಯ, ಇಲ್ಲೇ ಇರು ಅನ್ನುವುದಿಲ್ಲವಾ? ಆ ರಾತ್ರಿ ದೇವರ ಮುಂದೆ ಕೂತೆ. ಗೆಲ್ಲಲಿ ಅಂತ ಬೇಡಲೋ ಸೋಲಲಿ ಅಂತ ಬೇಡಲೋ ತಿಳಿಯದೆ ಬರೀ ದೀಪದ ಕುಡಿ ಸರಿಮಾಡಿ ಎದ್ದು ಬಂದೆ. ಮಾರನೆಯ ದಿನ ಮತ್ತೆ ದಬ್ಬಳ ಹಿಡಿದೆ. ಹಿಡಿದ ಕೆಲಸ ಅರ್ಧಕ್ಕೆ ಬಿಡುವುದು ನನ್ನ ಜಾಯಮಾನದಲ್ಲಿಲ್ಲ, ಅದು ಯಾರನ್ನು ಎಲ್ಲಿಗೆ ಕಳಿಸುವ ಕೆಲಸವೇ ಆಗಿರಲಿ.

ಮುಗಿದಾಗ ಅದು ನನ್ನ ಎದೆ ಎತ್ತರ ಬಂತು. ಯಜಮಾನರ ಹಳೆಯ ಪಂಚೆಯನ್ನು ಬಿಗಿಯಾಗಿ ಎಳೆದು ಅದರ ಮುಖಕ್ಕೆ ಹೊಲಿದೆವು. ಚಂದ್ರಮತಿ ನಡುವೆ ಮೊಳೆ ನೆಟ್ಟು, ದಾರ ಕಟ್ಟಿ, ರಂಗೋಲಿಗೆ ಮಾಡುವ ಹಾಗೆ ಸುತ್ತು ಸುತ್ತಾಗಿ ಗೆರೆ ಎಳೆದಳು. ಹೊರಗಿನ ಸುತ್ತಿಗೆ ಸುಣ್ಣ, ಅದರ ಒಳಗೆ ಮಸಿ, ಅದರ ಒಳಗೆ ಕೆಮ್ಮಣ್ಣು, ನಟ್ಟನಡುವೆ ಒಂದು ಮುಷ್ಟಿಯಷ್ಟು ಅರಿಸಿನ. ಮೂರು ಬಿದಿರು ಗಳ ಕಟ್ಟಿ ಹಿತ್ತಿಲಲ್ಲಿ ನಿಲ್ಲಿಸಿದರು. ರಾಚಯ್ಯ ಗುದ್ದಿ ನೋಡಿ, "ಗುಂಡು ಒಡುದ್ರೂ ಆಚೆ ಓಗಕಿಲ್ಲ ಅಮ್ಮಾವ್ರೇ," ಅಂದ. ಕೊಂಡು ತಂದದ್ದು ಏನೂ ಇರಲಿಲ್ಲ. ನನಗೇ ಹೆಮ್ಮೆಯಾಯಿತು, ಆದರೆ ತೋರಿಸಿಕೊಳ್ಳಲಿಲ್ಲ.

ಮಾರನೆಯ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿ ಗಟ್ಟಿ ಅಂಗೈಯಲ್ಲಿ ತೇಯ್ದುಕೊಂಡು ದಿನದ ಹಾಗೆ ಮನೆ ಸುತ್ತಿದೆ. ಹೊಸಿಲಿಗೆ ಇಟ್ಟೆ, ಒಲೆಗೆ ಇಟ್ಟೆ, ಬೀಸುವ ಕಲ್ಲಿಗೆ ಇಟ್ಟೆ, ಕೆಂದಿಯ ಹಣೆಗೆ ಇಟ್ಟೆ. ನಮ್ಮಲ್ಲಿ ಹೊಸದು ಏನೇ ಬರಲಿ, ಮೊರ ಬರಲಿ, ಮಡಕೆ ಬರಲಿ, ವಿಭೂತಿ ಕಾಣದೆ ಬಳಕೆಗೆ ಬರುವುದಿಲ್ಲ. ಹಿತ್ತಿಲಿಗೆ ಬಂದವಳು ಆ ಗುರಿಯ ಮುಖಕ್ಕೂ ಮೂರು ಬೆರಳು ಎಳೆದು, ಮೇಲೊಂದು ಕಣಗಿಲೆ ಹೂ ಸಿಕ್ಕಿಸಿ, ಹಾಲು ಕರೆಯಲು ಹೋದೆ. ಏನಾದರೂ ಯೋಚನೆ ಮಾಡಿ ಇಟ್ಟೆನಾ ಅಂದರೆ, ಇಲ್ಲ.

ಅಳಿಯ ಬಿಲ್ಲು ಹಿಡಿದು ಬಂದ. ಕೊಟ್ಟಿಗೆಯಿಂದ ನನಗೆ ಕಾಣುತ್ತಿತ್ತು. ದೂರ ನಿಂತು ಬಾಣ ಹೂಡಿ, ಹೆದೆಯನ್ನು ಕಿವಿಯವರೆಗೆ ಎಳೆದ. ಎಳೆದವನು ಹಾಗೇ ನಿಂತ. ಆಮೇಲೆ ಮೆಲ್ಲಗೆ ಹೆದೆ ಸಡಿಲ ಬಿಟ್ಟ. ಹತ್ತಿರ ಬಂದು ನೋಡಿದ, ಮತ್ತೆ ಹಿಂದಕ್ಕೆ ಹೋಗಿ ಎಳೆದ, ಮತ್ತೆ ಇಳಿಸಿದ. ಬಿಲ್ಲನ್ನು ಗೋಡೆಗೆ ಒರಗಿಸಿ, ರೊಟ್ಟಿಯನ್ನೂ ತಿನ್ನದೆ ಹೊಲಕ್ಕೆ ಹೊರಟುಹೋದ.

"ಏನವ್ವ ಮಾಡ್ಬುಟ್ಟೆ?" ಚಂದ್ರಮತಿ ನನ್ನ ಮೇಲೆ ಬಂದಳು. "ವಿಭೂತಿ ಇಟ್ಟ ಮ್ಯಾಲೆ ಅದಕ್ಕೆ ಯಾರಾರ ಬಾಣ ಬುಟ್ಟಾರಾ?"

ಕೈಯಲ್ಲಿದ್ದ ಚೊಂಬು ಕೆಳಗಿಟ್ಟು ಹಿತ್ತಿಲಿಗೆ ಹೋಗಿ ನೋಡಿದೆ. ಅಯ್ಯೋ ಶಿವನೇ. ಗುಂಡಗೆ, ನಡುವೆ ಅರಿಸಿನ, ಮೇಲೆ ಮೂರು ಪಟ್ಟೆ ವಿಭೂತಿ, ನೆತ್ತಿಯಲ್ಲಿ ಹೂ. ನನ್ನ ಕೈಯೇ ಮುಗಿಯುವುದಕ್ಕೆ ಮೇಲೆ ಬಂತು. ಮಧ್ಯಾಹ್ನಕ್ಕೆ ರಾಚಯ್ಯನ ತಾಯಿ ಪುಟ್ಟಮಾದಮ್ಮ ತೆಂಗಿನಕಾಯಿ ಹಿಡಿದುಕೊಂಡು ಬೇಲಿ ಹತ್ತಿರ ನಿಂತಿದ್ದಳು. "ಈ ಸ್ವಾಮಿ ಯಾವಾಗ ಬಂದ್ರು ಅಮ್ಮಾವ್ರೇ?" ಅಂದಳು. ಬೈದು ಕಳಿಸಿದೆ. ಕಳಿಸಿದ ಮೇಲೆ, ಬೈದದ್ದು ಸರಿಯೋ ತಪ್ಪೋ, ನಿಜವಾಗಿ ಸ್ವಾಮಿಯೇ ಬಂದಿದ್ದರೆ ಏನು ಗತಿ ಅಂತ ಅದೊಂದು ದಿಗಿಲು ಬೇರೆ.

ಅಳಿಯನಿಗೆ ಏನನ್ನಿಸಿರಬಹುದು ಅನ್ನುವುದು ನನಗೆ ದೊಡ್ಡ ಸಂಕಟವಾಯಿತು. ಅತ್ತೆ ಬೇಕೆಂತಲೇ ದೇವರನ್ನು ಅಡ್ಡ ತಂದು ನಿಲ್ಲಿಸಿದಳು, ಪಂದ್ಯಕ್ಕೆ ಹೋಗದ ಹಾಗೆ ಮಾಡಿದಳು ಅಂತ ತಿಳಿದಿರಬೇಕು. ಹಾಗೆ ತಿಳಿದಿದ್ದರೆ ಅವನು ಗುಂಡ್ಲುಪೇಟೆಯಲ್ಲಿ ಉಳಿದ ಹಾಗೆಯೇ ಲೆಕ್ಕ. ಮಠಕ್ಕೆ ಓಡಿದೆ. ಅಯ್ಯನವರು ಪೂಜೆ ಮುಗಿಸಿ ಕಟ್ಟೆ ಮೇಲೆ ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿದೆ.

"ಎತ್ತಿನ ಹಣೆಗೂ ವಿಭೂತಿ ಇಡ್ತೀಯಲ್ಲ ಮಲ್ಲಾಜಮ್ಮ, ಇಟ್ಟು ಉಳಕ್ಕೆ ಹೂಡಲ್ವಾ?" ಅಂದರು.

"ಅಂದ್ರೆ ಬಾಣ ಬುಡ್ಬೋದಾ ಬುದ್ದಿ?"

"ಬಿಡ್ಬೋದು ಅಂತ ನಾನು ಅಂದ್ನಾ?"

"ಬುಡ್ಬಾರ್ದಾ?"

"ಬಿಡ್ಬಾರ್ದು ಅಂತ್ಲೂ ಅನ್ನಲಿಲ್ಲ. ಇಟ್ಟೋಳು ನೀನು. ಯಾಕಿಟ್ಟೆ, ಅದು ಹೇಳು ಮೊದಲು."

ಅವರಿಗೆ ಅಡ್ಡಬಿದ್ದು ಎದ್ದು ಬಂದೆ. ಹೋದಾಗ ಇದ್ದದ್ದು ಒಂದು ಗೊಂದಲ, ಮನೆಗೆ ಬಂದಾಗ ಎರಡಾಗಿತ್ತು. ಚಂದ್ರಮತಿಗೆ, "ಅಯ್ನೋರು ಬಾಣ ಬುಡ್ಬೋದು ಅಂದ್ರು ಅಂತ ಯೋಳು. ಇದ್ದದ್ದು ಇದ್ದಂಗೇ ಯೋಳು, ಸಕ್ಕರೆ ಸೇರುಸ್ಬ್ಯಾಡ," ಅಂದೆ. ಇದ್ದದ್ದನ್ನು ನಾನೇ ಇದ್ದ ಹಾಗೆ ಹೇಳಿರಲಿಲ್ಲ, ಅದು ಬೇರೆ ಮಾತು. ಅವಳು ಹೋಗಿ ಬಂದು, "ಇರ್ಲಿ ಬುಡು ಅಂದ್ರು," ಅಂದಳು.

"ಇರ್ಲಿ ಬುಡು ಅಂದ್ರೆ ಏನಮ್ಮಿ? ಸಿಟ್ಟಲ್ಲಿ ಅಂದ್ರಾ, ನಗ್ತಾ ಅಂದ್ರಾ?"

"ಸುಮ್ಕೆ ಅಂದ್ರು."

ಆ ಸಂಜೆ ಅವನು ಗುರಿಯನ್ನು ಹಿತ್ತಿಲಿಂದ ಎತ್ತಿ ತಂದು ನಡುಮನೆಯಲ್ಲಿ, ರಾಗಿ ತುಂಬಿಡುವ ವಾಡೆಯ ಪಕ್ಕದಲ್ಲಿ, ಮುಖ ಹೊರಗೆ ಕಾಣುವ ಹಾಗೆ ನಿಲ್ಲಿಸಿದ. ಹೂ ಬಾಡಿತ್ತು, ಅದನ್ನು ತೆಗೆದು ಬೇರೆ ಹೂ ಇಟ್ಟ. ಇದು ಕೋಪವೋ, ಅಣಕವೋ, ಭಕ್ತಿಯೋ? ಅಡುಗೆಮನೆಯಲ್ಲಿ ಕೂತು ಎಷ್ಟು ತಲೆ ಕೆರೆದುಕೊಂಡರೂ ಗೊತ್ತಾಗಲಿಲ್ಲ. ಪಂದ್ಯದ ದಿನದವರೆಗೆ ಅವನು ಬಿಲ್ಲು ಮುಟ್ಟಲಿಲ್ಲ.

ಆದರೂ ಪಂದ್ಯದ ದಿನ ಕೋಳಿ ಕೂಗುವ ಮೊದಲೇ ಗಾಡಿ ಕಟ್ಟಿದ. ಚಂದ್ರಮತಿ ಸೀರೆ ಗಂಟು ಕಟ್ಟಿಕೊಂಡಿದ್ದಳು. ಗಂಟು ಒಂದು ದಿನಕ್ಕೆ ಬೇಕಾದ್ದಕ್ಕಿಂತ ದೊಡ್ಡದಾಗಿತ್ತು. ನಾನು ನೋಡಿಯೂ ನೋಡದವಳ ಹಾಗೆ, ನನಗೂ ಈರುಳ್ಳಿ ಬೇಕು ಅಂತ ಹೇಳಿ ಗಾಡಿ ಹತ್ತಿದೆ.

ಗುಂಡ್ಲುಪೇಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ರಸ್ತೆ ಬದಿಯಲ್ಲಿ ಕೇರಳದ ಕಡೆ ಹೊರಟ ಲಾರಿಗಳು ಸಾಲಾಗಿ ನಿಂತಿದ್ದವು, ಮಲಯಾಳಿ ಡ್ರೈವರುಗಳು ಲಾರಿಯ ನೆತ್ತಿಯ ಮೇಲೆ ಕೂತು ಪಂದ್ಯ ನೋಡುತ್ತಿದ್ದರು. ಮೈದಾನದಲ್ಲಿ ಇಟ್ಟಿದ್ದ ಗುರಿಯನ್ನು ಕಂಡು ನನಗೆ ಮೈ ಉರಿಯಿತು. ಹುಲ್ಲನ್ನು ಚೀಲಕ್ಕೆ ತುರುಕಿ ಕಟ್ಟಿದ್ದಾರೆ, ಒಂದು ಹೊಲಿಗೆ ನೆಟ್ಟಗಿಲ್ಲ. ನಾವು ಮಾಡಿದ್ದರ ಕಾಲಿನ ಧೂಳಿಗೆ ಸಮವಲ್ಲ. ಹೆಸರು ಕೂಗಿದರು. ಅಳಿಯ ಹೋಗಿ ನಿಂತ. ಮೊದಲ ಬಾಣ ನೆಲಕ್ಕೆ ನಾಟಿತು. ಎರಡನೆಯದು ಅಂಚಿಗೆ ತಾಗಿ ಕೆಳಗೆ ಬಿತ್ತು. ಮೂರನೆಯದು ಎಲ್ಲಿಗೆ ಹೋಯಿತೋ, ಜನ ಹೋ ಅಂತ ಕೂಗಿದರು. ಯಾರೋ ಕಾಡಂಚಿನ ಊರಿನ ಮೂಗಯ್ಯ ಅನ್ನುವವನು ಗೆದ್ದ. ನನಗೆ ಸಂತೋಷವೂ ಆಯಿತು, ಅಳುವೂ ಬಂತು. ಎರಡರಲ್ಲಿ ಯಾವುದು ಹೆಚ್ಚು ಅಂತ ಕೇಳಿದರೆ ಈಗಲೂ ಹೇಳಲಾರೆ.

ಮಂಡಿಯ ಪಕ್ಕದ ಹುಣಸೆಮರದ ನೆರಳಿನಲ್ಲಿ ಗಾಡಿ ಬಿಟ್ಟಿದ್ದರು. ಎತ್ತುಗಳನ್ನು ಬಿಚ್ಚಿ ಮರಕ್ಕೆ ಕಟ್ಟಿದ್ದರು. ನಾನೂ ಚಂದ್ರಮತಿಯೂ ಗಾಡಿಯ ಕಮಾನಿನೊಳಗೆ ಚಾಪೆಯ ಮರೆಯಲ್ಲಿ ಕೂತಿದ್ದೆವು. ಅಣ್ಣ ತಮ್ಮ ಇಬ್ಬರೂ ಹೊರಗೆ ಬಂದು ನಿಂತರು.

"ಓಗ್ಲಿ ಬುಡ್ಲಾ, ಬಿಲ್ಲು ಬಾಣ ನಮ್ಗ್ಯಾಕೆ?" ಸಿದ್ದಮಲ್ಲಪ್ಪ ನಗುತ್ತಿದ್ದ. "ತಕ್ಕಡಿ ಇಡ್ಕ. ಈಗ ಯೋಳು, ಇರ್ತೀಯೋ ಓಯ್ತೀಯೋ?"

ಚಂದ್ರಮತಿ ನನ್ನ ಕೈ ಹಿಡಿದುಕೊಂಡಳು.

"ನಾನು ಕಲೀಲೇ ಇಲ್ಲ ಅಣ್ಣಯ್ಯ. ಗುರಿ ಮಾಡಿದ್ವಿ, ಅದಕ್ಕೆ ಒಂದು ಬಾಣಾನೂ ಬುಡಕ್ಕೆ ಆಗ್ಲಿಲ್ಲ. ಅತ್ತೆ ಅದಕ್ಕೆ ವಿಭೂತಿ ಇಟ್ಬುಟ್ರು."

"ಬೇಕಂತ್ಲೇ ಮಾಡವ್ರೆ ಕಣ್ಲಾ ನಿಮ್ಮತ್ತೆ. ನೀನು ಇಲ್ಗೆ ಬರ್ಬಾರ್ದು ಅಂತ!"

"ಇರ್ಬೋದು. ಗೊತ್ತಿಲ್ಲ." ಅವನು ಗಾಡಿಯ ಚಕ್ರವನ್ನು ಹಿಡಿದು ಮಾತಾಡುತ್ತಿದ್ದ, ಚಾಪೆಯ ಸಂದಿಯಲ್ಲಿ ಅವನ ಕೈ ಮಾತ್ರ ನನಗೆ ಕಾಣುತ್ತಿತ್ತು. "ಆಯುಧಪೂಜೆ ದಿನ ಆ ಮನೇಲಿ ಎಲ್ಲಕ್ಕೂ ವಿಭೂತಿ ಇಡ್ತಾರೆ ಅಣ್ಣಯ್ಯ. ನೇಗ್ಲು, ಗಾಡಿ, ಒನಕೆ, ಹಗ್ಗ, ಎಲ್ಲಕ್ಕೂ. ನಾನು ನಮ್ಮನೆಯಿಂದ ತಕಂಡೋದ ಗುದ್ಲಿ ಒಂದದೆ, ಮೂಲೇಲಿರ್ತದೆ. ಅದೊಂದು ಬುಟ್ಟೋಯ್ತದೆ. ಬೇಕಂತ ಅಲ್ಲ, ಅದು ಯಾರ ಗ್ಯಾಪ್ಕಕ್ಕೂ ಬರಕಿಲ್ಲ. ಈ ಸಲ್ವೂ ಅಂಗೇ ಆಯ್ತು. ಆ ಮನೇಲಿ ನಂದು ಅನ್ನೋದಕ್ಕೆ ವಿಭೂತಿ ಬಿದ್ದದ್ದು ಇದೊಂದಕ್ಕೇ. ಬಾಣ ಎಳುದ್ರೆ ಕೈ ಬರ್ಲಿಲ್ಲ."

"ಅದಕ್ಕೆ?"

"ಶಿವ್ರುದ್ರಂದು ಅಂತ ಇಟ್ರೋ, ಶಿವ್ರುದ್ರನ್ನ ತಡೀಬೇಕು ಅಂತ ಇಟ್ರೋ, ಅದು ಗೊತ್ತಾಗ್ಬೇಕು ನಂಗೆ. ಕೇಳನ ಅಂದ್ರೆ ಅವ್ರು ಮಾತಾಡದು ಹಸೀನ್ತಾವ. ನಂದು ಅಂತ ಇಟ್ಟಿದ್ರೆ ಓಯ್ತೀನಿ ಅಣ್ಣಯ್ಯ. ಅಲ್ಲಾಂದ್ರೆ ಇಲ್ಲೇ ಇದ್ಬುಡ್ತೀನಿ."

ಆ ಗುದ್ದಲಿ ಯಾವುದು? ಯಾವ ಮೂಲೆಯಲ್ಲಿದೆ? ಎಷ್ಟು ನೆನೆದರೂ ಕಣ್ಣಿಗೆ ಬರಲಿಲ್ಲ. ಚಂದ್ರಮತಿ ನನ್ನ ಕಿವಿಗೆ ಬಾಯಿಟ್ಟು, "ನಾನು ಯೋಳ್ತೀನಿ ಬುಡವ್ವ. ಅವ್ರದ್ದು ಅಂತ್ಲೇ ಅವ್ವ ಇಟ್ಟದ್ದು ಅಂತ ಯೋಳ್ಬುಡ್ತೀನಿ," ಅಂದಳು. ಅವಳ ಕಣ್ಣು ತುಂಬಿತ್ತು. ಆ ಒಂದು ಮಾತು ಹೇಳಿಬಿಟ್ಟರೆ ಸಾಕು, ಎಲ್ಲ ಸರಿಹೋಗುತ್ತಿತ್ತು. ಆದರೆ ಅದು ನಿಜವಲ್ಲ. ಅವನದ್ದು ಅಂತಲೂ ನಾನು ಇಟ್ಟದ್ದಲ್ಲ, ಅವನನ್ನು ತಡೆಯಲೂ ಇಟ್ಟದ್ದಲ್ಲ. ಬೀಸುವ ಕಲ್ಲಿಗೆ ಇಟ್ಟ ಹಾಗೆ ಇಟ್ಟದ್ದು. ಸುಳ್ಳಿನ ಮೇಲೆ ಅವನನ್ನು ಮನೆಗೆ ಕರೆದುಕೊಂಡು ಹೋಗಿ, ದಿನಾ ಬೆಳಿಗ್ಗೆ ಅವನ ಮುಖ ಹೇಗೆ ನೋಡಲಿ?

"ಬ್ಯಾಡ ಕಣಮ್ಮಿ," ಅಂದೆ. ಚಾಪೆ ಸರಿಸಿ ಗಾಡಿಯಿಂದ ಇಳಿದೆ. ಸೆರಗು ಹೆಗಲ ಮೇಲೆ ಜಾರಿತು, ಜಾರಲಿ ಅಂತ ಬಿಟ್ಟೆ. ಸಿದ್ದಮಲ್ಲಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಈರುಳ್ಳಿ ಮೂಟೆ ಹೊರುತ್ತಿದ್ದ ಆಳುಗಳೂ ನಿಂತು ನೋಡಿದರು. ಅಳಿಯನ ಎದುರಿಗೆ, ಅವನ ಮುಖಕ್ಕೆ ಮುಖ ಕೊಟ್ಟು ನಿಂತೆ. ಅವನ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಕಲೆ ಇತ್ತು. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದರೂ ನಾನು ಅದನ್ನು ನೋಡಿರಲಿಲ್ಲ.

"ನಿಮ್ದು ಅಂತ ನಾನು ಇಡ್ಲಿಲ್ಲ," ಅಂದೆ. "ನಿಮ್ಮನ್ನ ತಡಿಯಕ್ಕೂ ಇಡ್ಲಿಲ್ಲ. ಕೈಗೆ ಬಂದ ರೂಢಿ, ಇಟ್ಬುಟ್ಟೆ. ನಿಮ್ ಗುದ್ಲಿ ನನ್ ಕಣ್ಣಿಗೆ ಬೀಳ್ಲೇ ಇಲ್ಲ, ಅದೂ ನಿಜ. ಆದ್ರೆ ಈಗ ಆಡ್ತಿರೋ ಮಾತು ರೂಢಿ ಮಾತಲ್ಲ ಕಣಪ್ಪ. ಇದನ್ನ ನಮ್ಮ ಕಡೆ ಯಾವ ಅತ್ತೆನೂ ಆಡಲ್ಲ. ನೀವು ಇರ್ಬೇಕು. ನಂಗೆ ನೀವು ಬೇಕು. ಮನೆಗೆ ನಡೀರಿ."

ಅವನು ನನ್ನನ್ನೇ ನೋಡಿದ. ಆಮೇಲೆ ಎತ್ತು ಕಟ್ಟಿದ್ದ ಮರದ ಹತ್ತಿರ ನಡೆದ.

"ನೀರು ಕುಡುಸ್ಕಂಡು ಬತ್ತೀನಿ ಅತ್ತೆ," ಅಂದ, ಹಗ್ಗ ಬಿಚ್ಚುತ್ತ. "ಗಾಡಿ ಹತ್ಕಳಿ. ಬಿಸ್ಲದೆ."

ಅವನು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು. ನಾನು ಗಾಡಿ ಹತ್ತಿ ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡೆ.